ಗಿರಿಯಮ್ಮನ ಸಾಲು

‘ಗಿರಿಯಮ್ಮನ್ನೂ ತಗಳಾಣ ಸಾರ್.’ ಇಷ್ಟೇ ಮಾತು. ಬೆಳಗಿನಿಂದ ಓಬಮ್ಮ ಅದನ್ನು ಬಾಯೊಳಗೇ ಹೊರಳಿಸುತ್ತಿದ್ದಳು. ಮುದ್ದೆ ತಿರುವುವಾಗ ಒಂದು ಸಲ, ಕನ್ನಡಿಯ ಮುಂದೆ ನಿಂತು ಕುಂಕುಮ ಇಟ್ಟುಕೊಳ್ಳುವಾಗ ಒಂದು ಸಲ ಹೇಳಿ ನೋಡಿದಳು. ಧಾಟಿ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅಂಗಲಾಚಿದ ಹಾಗೆ ಕೇಳಿಸಬಾರದು. ಅವಳು ಈಗ ಕಂಪ್ನಿಯ ಮೇಸ್ತ್ರಿ. ಜೋರು ಮಾಡಿದ ಹಾಗೂ ಇರಬಾರದು. ಎದುರಿಗಿರುವವರು ಸೂಪರ್‌ವೈಜರ್ ಮರುಳಸಿದ್ದಪ್ಪನವರು. ಕುಡಿಯುವ ನೀರಿಗೆ ಇನ್ನೊಂದು ಬಿಂದಿಗೆ ಬೇಕು ಅನ್ನುವಷ್ಟು ಸಲೀಸಾಗಿ ಅಂದುಬಿಟ್ಟು ಮುಂದಿನ ಹೆಂಗಸಿನ ಕಡೆ ತಿರುಗಬೇಕು. ಹಿಂದಿನ ಸಂಜೆ ಚಂದ್ರಕ್ಕ ಬಾಗಿಲಲ್ಲೇ ನಿಂತು ಎಲೆ ಜಗಿಯುತ್ತ, ನಾಳೆ ಆಳು ಆರಿಸುವ ಹೊತ್ತಿಗೆ ಗಿರಿಯಮ್ಮನೂ ಬರುತ್ತಾಳಂತೆ, ಈಗ ಮೇಸ್ತ್ರಿ ನೀನೇ ಅಲ್ಲವಾ ಎಂದು ಹೇಳಿ ಹೋದ ಮೇಲೆ ಓಬಮ್ಮ ಮೊದಲು ಬೇಕಿಲ್ಲದಿದ್ದರೂ ಒಲೆಗೆ ಇನ್ನೊಂದು ಸೌದೆ ತುರುಕಿದ್ದಳು. ಆಮೇಲೆ ಸಾರಿಗೆ ಖಾರ ಅರೆಯುತ್ತಿದ್ದಾಗ ಈ ಮಾತು ತಾನಾಗಿ ಹುಟ್ಟಿಕೊಂಡಿತು. ಹುಟ್ಟಿದ್ದೇ ತಡ, ಎದೆಯ ಮೇಲೆ ಕೂತದ್ದನ್ನು ಯಾರೋ ಒಂದು ಬದಿಗೆ ಸರಿಸಿದ ಹಾಗಾಯಿತು. ಇದೊಂದು ಮಾಡಿಬಿಟ್ಟರೆ ಹೋದ ವರ್ಷದ್ದು ಹೋದ ವರ್ಷಕ್ಕೇ ಮುಗಿಯಿತು. ಗಿರಿಯಮ್ಮ ತಿರುಗಿ ಹೊಲಕ್ಕೆ ಬರುತ್ತಾಳೆ, ಮಧ್ಯಾಹ್ನ ಇಬ್ಬರೂ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚುತ್ತಾರೆ, ಒಬ್ಬರ ಚಟ್ನಿ ಇನ್ನೊಬ್ಬರ ರೊಟ್ಟಿಗೆ. ತನ್ನ ಒಳ್ಳೆಯತನವನ್ನು ನೆನೆದು ಓಬಮ್ಮನಿಗೆ ತುಸು ಖುಷಿಯೂ ಆಗಿತ್ತು. ಖುಷಿಯಾದದ್ದು ಗೊತ್ತಾಗಿ, ಒಲೆಯ ಉರಿ ಕಮ್ಮಿ ಮಾಡುವ ನೆಪದಲ್ಲಿ ಗಂಡನ ಕಡೆಯಿಂದ ಮುಖ ತಿರುಗಿಸಿಕೊಂಡಿದ್ದಳು.

ಸಣ್ಣಪ್ಪ ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಬೆಲ್ಲು ಬಾರಿಸಿದ. ಹಿರಿಯೂರಿನ ಸಕ್ಕರೆ ಫ್ಯಾಕ್ಟರಿಯಲ್ಲಿ ಅವನಿಗೆ ಕಬ್ಬು ಅರೆಯುವ ಸೀಜನ್ನಿನಲ್ಲಿ ಮಾತ್ರ ಕೆಲಸ. ಉಳಿದ ದಿನಗಳಲ್ಲಿ ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿ ಬಿಟ್ಟುಬರುವುದನ್ನೇ ಅವನೊಂದು ಕೆಲಸ ಮಾಡಿಕೊಂಡಿದ್ದ. ಮೊದಮೊದಲು ಹಟ್ಟಿಯವರು ನಕ್ಕರು. ಈಗ ಯಾರೂ ನಗುತ್ತಿರಲಿಲ್ಲ. ಟೀ ಅಂಗಡಿಯ ಮುಂದೆ ಅವನು ಬೇಕೆಂದೇ ನಿಧಾನ ಮಾಡುವುದು, ಒಳಗೆ ಕೂತವರು ತಲೆಯೆತ್ತುವುದು, ಯಾರೂ ಕೇಳದಿದ್ದರೂ ಇವನು ನಮ್ಮನೆಯಾಕೆಗೆ ಹೊತ್ತಾಗೈತೆ ಎಂದು ಹೇಳುವುದು ದಿನವೂ ನಡೆಯುತ್ತಿತ್ತು. ಅವನ ಬೆನ್ನಿನ ಅಂಗಿ ಬೆವರಿಗೆ ಅಂಟಿಕೊಂಡಿರುವುದನ್ನು ನೋಡುತ್ತ ಓಬಮ್ಮನಿಗೆ ಒಂದೊಂದು ಸಲ ಅನ್ನಿಸುವುದು, ಈ ಮನುಷ್ಯನಿಗೆ ಹೇಳಿಬಿಟ್ಟರೆ? ಹೇಳಿದರೆ ಅವನು ಏನೂ ಅನ್ನುವುದಿಲ್ಲ. ಸೈಕಲ್ಲನ್ನು ಟೀ ಅಂಗಡಿಯ ಮುಂದೆ ನಿಧಾನ ಮಾಡುವುದನ್ನು ನಿಲ್ಲಿಸುತ್ತಾನೆ, ಅಷ್ಟೇ. ಅಷ್ಟನ್ನು ತಾಳಿಕೊಳ್ಳಲು ತನ್ನ ಕೈಲಾಗುವುದಿಲ್ಲ ಅನ್ನಿಸಿ ಸುಮ್ಮನಾಗುವಳು. ಗಿರಿಯಮ್ಮನ ಓಣಿಯ ಬಾಯಿ ಬಂದಾಗ ಓಬಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬಿಸಿಲು ಇನ್ನೂ ಏರಿರಲಿಲ್ಲ.

ನಾಲೆಯ ಏರಿಯ ಮೇಲಿಂದ ಹತ್ತಿಯ ಹೊಲಗಳು ಕಾಣತೊಡಗಿದವು. ಈ ಎರೆಭೂಮಿಯಲ್ಲಿ ಮುಂಚೆ ಜೋಳವಿತ್ತು, ಕಡಲೆಯಿತ್ತು, ಕೊಯ್ಲಾದ ಮೇಲೆ ಕುರಿ ಇಳಿಸುತ್ತಿದ್ದರು. ಬಬ್ಬೂರಿನ ಸರ್ಕಾರಿ ಬೇಸಾಯದ ಫಾರಂ ನೋಡಲು ಬಂದ ಯಾರೋ ದೊಡ್ಡವರ ಕಣ್ಣಿಗೆ ನಾಲೆಯ ಕೆಳಗಿನ ಈ ನೆಲ ಬಿದ್ದು, ಬೀಜದ ಕಂಪ್ನಿ ಬಂತು. ಬಿ.ದುರ್ಗದ ಕಡೆಯವರಾದ ಮರುಳಸಿದ್ದಪ್ಪನವರು ಹಟ್ಟಿಯ ಕಟ್ಟೆಯ ಮೇಲೆ ನಿಂತು ಹೇಳಿದ್ದು ಅವಳಿಗೆ ಇನ್ನೂ ನೆನಪಿದೆ. ಹೊಸದುರ್ಗದ ಕಡೆ ಸಿಮೆಂಟು ಬಂದಿದೆ, ಹೊಳಲ್ಕೆರೆ ಕಡೆ ಗಣಿ ತೆಗೆದಿದ್ದಾರೆ, ಹಿರಿಯೂರಿಗೆ ಸಕ್ಕರೆ ಬಂದಿದೆ, ಅವೆಲ್ಲ ಗಂಡಸರ ತೋಳಿನ ಕೆಲಸ. ಇದು ಹೆಂಗಸರ ಬೆರಳಿನ ಕೆಲಸ, ಇನ್ನು ಮೇಲೆ ಈ ಸೀಮೆಯ ಹೆಂಗಸರು ಕಳೆ ಕೀಳುತ್ತ ಮುದುಕಿಯರಾಗಬೇಕಿಲ್ಲ ಎಂದಿದ್ದರು. ಹೆಂಗಸರಿಗೆ ಅರ್ಥವಾದದ್ದು ಕಮ್ಮಿ. ಹೊಲಕ್ಕೆ ಇಳಿದ ಮೇಲೆ ಅರ್ಥವಾಯಿತು. ನಾಳೆ ಬೆಳಿಗ್ಗೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಗುರುತು ಹಿಡಿಯಬೇಕು. ಹೆಬ್ಬೆರಳಿನ ಉಗುರನ್ನು ಬುಡದಲ್ಲಿ ಊರಿ, ಮೆಲ್ಲಗೆ ತಿರುವಿ, ಎಸಳನ್ನೂ ಅದರೊಳಗಿನ ಗಂಡು ಕಾಳುಗಳನ್ನೂ ಒಂದೇ ಸಲಕ್ಕೆ ಸುಲಿದು ತೆಗೆಯಬೇಕು. ನಡುವಿನ ಬಿಳಿ ಕಡ್ಡಿ ಒಂದೇ ಉಳಿಯಬೇಕು, ಅದಕ್ಕೆ ಗಾಯವಾಗಬಾರದು, ಒಂದು ಹಳದಿ ಕಾಳೂ ಅಂಟಿಕೊಂಡಿರಬಾರದು. ಅದಕ್ಕೊಂದು ಕೆಂಪು ಕಾಗದದ ಟೋಪಿ ಹಾಕಿ ಮುಂದಕ್ಕೆ ಹೋಗಬೇಕು. ಮಾರನೆಯ ದಿನ ಬಿಸಿಲೇರುವ ಮೊದಲು ಇನ್ನೊಂದು ಜಾತಿಯ ಗಿಡದ ಗಂಡು ಹೂವನ್ನು ತಂದು, ಟೋಪಿ ತೆಗೆದು, ಆ ಕಡ್ಡಿಗೆ ಸವರಬೇಕು. ಕಂಪ್ನಿಯವರು ಇದಕ್ಕೆ ಕ್ರಾಸಿಂಗ್ ಅಂದರು, ಹೆಂಗಸರು ಮದುವೆ ಅಂದರು. ಒಂದು ಕಾಳು ಉಳಿದರೂ ಗಿಡ ತನ್ನನ್ನು ತಾನೇ ಮದುವೆಯಾಗಿಬಿಡುತ್ತದೆ ಎಂದು ಚಂದ್ರಕ್ಕ ಹೇಳಿ ನಗಿಸುತ್ತಿದ್ದಳು. ಇಡೀ ಹೊಲದಲ್ಲಿ ಎರಡು ಜೊತೆ ಕೈ ಎಲ್ಲರಿಗಿಂತ ಚೊಕ್ಕ ಎಂದು ಹೆಸರಾಗಿತ್ತು, ಓಬಮ್ಮನದು, ಗಿರಿಯಮ್ಮನದು. ಒಂದೇ ಹಟ್ಟಿಗೆ ಒಂದೇ ಬೇಸಿಗೆಯಲ್ಲಿ ಸೊಸೆಯರಾಗಿ ಬಂದವರು. ಅಕ್ಕಪಕ್ಕದ ಸಾಲು ಹಿಡಿದು, ಮಾತಾಡುತ್ತ, ಗಿಡ ನೋಡದೆಯೂ ಸುಲಿಯಬಲ್ಲೆವು ಅನ್ನುವಷ್ಟು ಸಲೀಸಾಗಿ ಸಾಗುತ್ತಿದ್ದರು.

ಹಿರಿಯೂರಿನಲ್ಲಿ ಕಂಪ್ನಿ ಬೀಜ ಹಸನು ಮಾಡುವ ಶೆಡ್ಡು ಕಟ್ಟುತ್ತಿದೆ, ಹೊಲದ ಹೆಂಗಸರಲ್ಲಿ ಒಬ್ಬರನ್ನು ಮೇಸ್ತ್ರಿ ಮಾಡಿ ಖಾಯಂ ತೆಗೆದುಕೊಳ್ಳುತ್ತಾರೆ, ವರ್ಷವಿಡೀ ಕೆಲಸ, ತಿಂಗಳಿಗೊಮ್ಮೆ ಸಂಬಳ ಎನ್ನುವ ಸುದ್ದಿಯನ್ನು ಮರುಳಸಿದ್ದಪ್ಪನವರು ಹೇಳಿದ್ದು ಹೋದ ವರ್ಷ ಹೂವಿನ ಭರಾಟೆಯ ದಿನಗಳಲ್ಲಿ. ಆ ಮಾತು ಬಿದ್ದಾಗ ಎಲ್ಲರೂ ಇವರಿಬ್ಬರನ್ನೂ ನೋಡಿದರು. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ಗಿರಿಯಮ್ಮ ಆಮೇಲೆ ನಗುತ್ತ, ನೀನೇ ಆಗಕ್ಕ, ನಂಗೆ ಎಳೇ ಕೂಸೈತೆ, ಹಿರಿಯೂರಿಗೆ ಯಾರು ಓಡಾಡ್ತಾರೆ ಅಂದಿದ್ದಳು. ಅದು ಮನಸ್ಸಿನ ಮಾತೋ ಬಾಯಿಮಾತೋ ಎಂದು ಓಬಮ್ಮ ಎರಡು ದಿನ ತೂಗಿ ನೋಡಿದ್ದಳು. ಬಾಯಿಮಾತು ಎಂದೇ ತೀರ್ಮಾನಕ್ಕೆ ಬಂದಿದ್ದಳು. ಯಾಕೆಂದರೆ ತಾನಾಗಿದ್ದರೂ ಹಾಗೇ ಅನ್ನುತ್ತಿದ್ದಳು. ಮೂರನೆಯ ಮಧ್ಯಾಹ್ನ ಗಿರಿಯಮ್ಮನ ಅತ್ತೆ ಹೇಳಿ ಕಳಿಸಿದಳು, ಕೂಸಿಗೆ ಮೈ ಸುಡುತ್ತಿದೆ, ಕಣ್ಣು ಬಿಡುತ್ತಿಲ್ಲ ಎಂದು. ಅವಳ ಗಂಡ ಕಾಟಪ್ಪ ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದ. ಕೆಲಸದ ನಡುವೆ ಹೇಳದೆ ಹೋದವರಿಗೆ ಸೀಜನ್ನಿನ ಕೊನೆಯಲ್ಲಿ ಕೊಡುವ ಕೂಲಿಯಲ್ಲಿ ಒಂದು ಪೈಸೆಯೂ ಇಲ್ಲ ಎಂದು ಕಂಪ್ನಿಯ ಕಟ್ಟಳೆ ಇತ್ತು. ಹೇಳಿ ಹೋಗೋಣವೆಂದರೆ ಮರುಳಸಿದ್ದಪ್ಪನವರು ಊರಲ್ಲಿರಲಿಲ್ಲ, ನಾಳೆ ಬರುವ ಆಫೀಸರನ್ನು ಕರೆತರಲು ದುರ್ಗಕ್ಕೆ ಹೋಗಿದ್ದರು. ಓಬಮ್ಮನೇ ಅವಳನ್ನು ಹೋಗು ಅಂದದ್ದು. ‘ಹೋಗೇ, ಕೂಸು ನೋಡು. ನಿನ್ನ ಸಾಲು ನಾನು ಮಾಡ್ತೀನಿ.’ ಆ ಮಾತು ಹೇಳುವಾಗ ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಇದು ಮಾತ್ರ ಖರೆ. ಇದನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದಾಳೆ.

ಆಮೇಲಿನದು ಹಾಗಲ್ಲ. ತನ್ನ ಸಾಲು ಮುಗಿಸಿ ಗಿರಿಯಮ್ಮನ ಸಾಲಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಏರಿ ಹತ್ತಿ ಹೋದರು. ಮೊದಲ ಗಿಡಗಳನ್ನು ಅವಳು ತನ್ನ ಗಿಡಗಳ ಹಾಗೇ ಸುಲಿದಳು. ಸಾಲಿನ ನಡುವೆ ಎಲ್ಲೋ ಒಂದು ಮೊಗ್ಗು ಅರ್ಧಕ್ಕೆ ಹರಿಯಿತು. ಒಳಗೆ ಕಾಳುಗಳು ಉಳಿದವೋ ಇಲ್ಲವೋ ಬಗ್ಗಿ ನೋಡಬಹುದಿತ್ತು, ಉಗುರಿನಿಂದ ಕೆರೆದು ತೆಗೆಯಬಹುದಿತ್ತು. ಟೋಪಿ ಹಾಕಿ ಮುಂದಕ್ಕೆ ಹೋದಳು. ಇನ್ನೊಂದೂ ಹಾಗೇ ಆಯಿತು. ಕತ್ತಲಾಗುತ್ತಿತ್ತು, ಬೆನ್ನು ನೋಯುತ್ತಿತ್ತು, ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಇವೆಲ್ಲ ನಿಜವೇ. ಆದರೆ ಟೋಪಿಯ ಮೇಲೆ ಟೋಪಿ ಹಾಕುತ್ತ ಹೋದಂತೆ ಅವಳ ಕೈಗೆ ಒಂದು ಬಗೆಯ ಹಗುರ ಬಂದಿತ್ತಲ್ಲ, ಅದು ಏನು? ಇದು ಗಿರಿಯಮ್ಮನ ಸಾಲು ಅನ್ನುವುದನ್ನು ಕೈ ತಿಳಿದುಕೊಂಡಿತ್ತೇ? ತಾನು ಬೇಕೆಂದು ಮಾಡಲಿಲ್ಲ ಎಂದು ಹೇಳಿಕೊಳ್ಳುವಾಗಲೆಲ್ಲ ಆ ಹಗುರ ನೆನಪಾಗುತ್ತದೆ. ಬೇಕೆಂದೇ ಮಾಡಿದೆ ಎಂದು ಒಪ್ಪಿಕೊಳ್ಳಲು ಹೋದರೆ ಬೆನ್ನುನೋವು, ಕತ್ತಲೆ ಅಡ್ಡ ಬಂದು ನಿಲ್ಲುತ್ತವೆ. ಒಂದು ವರ್ಷದಿಂದ ಅವಳು ಈ ಎರಡರ ನಡುವೆ ಅಲೆಯುತ್ತಿದ್ದಳು. ದಾರಿಯಲ್ಲಿ, ಸಂತೆಯಲ್ಲಿ, ಗಂಡನ ಮಗ್ಗುಲಲ್ಲಿ.

ಮಾರನೆಯ ಬೆಳಿಗ್ಗೆ ಜೀಪಿನಿಂದ ಇಳಿದ ಆಫೀಸರು ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ನೇರ ಸಾಲುಗಳ ನಡುವೆ ನಡೆದು ಬಂದ. ಒಂದೊಂದು ಸಾಲಿನಲ್ಲಿ ಒಂದೆರಡು ಟೋಪಿ ಎತ್ತಿ ನೋಡಿ ಮುಂದೆ ಹೋಗುತ್ತಿದ್ದವನು ಗಿರಿಯಮ್ಮನ ಸಾಲಿನಲ್ಲಿ ನಿಂತ. ಇನ್ನೊಂದು ಎತ್ತಿದ. ಇನ್ನೊಂದು. ನೆಲದ ಮೇಲೆ ಕೆಂಪು ಕಾಗದಗಳು ಬೀಳತೊಡಗಿದವು. ಇದು ಯಾರ ಸಾಲು ಎಂದು ಅವನು ಕೇಳಿದ್ದು ಗದರಿಸಿಯೂ ಅಲ್ಲ. ಪಕ್ಕದ ಸಾಲಿನಲ್ಲಿದ್ದ ಓಬಮ್ಮ ಗಂಡು ಹೂ ಸವರುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ರಾತ್ರಿಯೆಲ್ಲ ಕೂಸಿನ ಹಣೆಗೆ ಒದ್ದೆ ಬಟ್ಟೆ ಹಾಕಿ ಕಣ್ಣು ಕೆಂಪಾಗಿದ್ದ ಗಿರಿಯಮ್ಮ ಮುಂದೆ ಬಂದು, ನಂದು ಸಾರ್, ಅಂದಳು. ಅಂದು ಓಬಮ್ಮನ ಕಡೆ ಒಂದು ಸಲ ನೋಡಿದಳು. ಆ ನೋಟದ ಅರ್ಥ ಏನೆಂದು ಓಬಮ್ಮನಿಗೆ ಆಗ ಗೊತ್ತಾಗಲಿಲ್ಲ. ಹೇಳಕ್ಕ, ನೀನು ಮಾಡಿದ್ದು ಅಂತ ಹೇಳು ಎಂದು ಬೇಡುತ್ತಿದ್ದಾಳೆ ಎಂದುಕೊಂಡಳು. ಹಾಗೆಂದುಕೊಂಡೂ ಸವರುತ್ತಲೇ ಇದ್ದಳು. ಒಂದು ಹೂವು, ಇನ್ನೊಂದು ಹೂವು. ಆಫೀಸರು ಮರುಳಸಿದ್ದಪ್ಪನವರಿಗೆ ಇಂಗ್ಲಿಷಿನಲ್ಲಿ ಏನೋ ಅಂದ. ಅವರ ಮುಖ ಇಳಿದುಹೋಯಿತು. ಇಡೀ ಸಾಲಿನ ಮೊಗ್ಗುಗಳನ್ನು ಕಿತ್ತು ಹಾಕಿಸಿದರು. ಗಿರಿಯಮ್ಮನಿಗೆ, ಇಲ್ಲಿಯವರೆಗಿನ ಕೂಲಿ ಸಿಗುತ್ತದೆ, ನಾಳೆಯಿಂದ ಬರಬೇಡ ಎಂದರು.

ಸಂಜೆ ಗಿರಿಯಮ್ಮ ತಾನೇ ಮನೆಗೆ ಬಂದಳು. ಬೈಯಲು ಬಂದಳೆಂದು ಓಬಮ್ಮ ಕೈಯಲ್ಲಿದ್ದ ಮೊರವನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಿದ್ದಳು. ಕೂಸಿಗೆ ಜ್ವರ ಬಿಟ್ಟಿದೆ ಎಂದು ಮೊದಲು ಹೇಳಿದವಳು, ಹೊಸ್ತಿಲ ಮೇಲೆ ಕೂತು, ಓಬಮ್ಮನನ್ನೂ ಪಕ್ಕಕ್ಕೆ ಕೂರಿಸಿಕೊಂಡು ಅವಳ ಮೊಣಕೈ ಹಿಡಿದುಕೊಂಡಳು. ‘ಕತ್ಲಾಗಿತ್ತು ಕಣಕ್ಕ, ಯಾರಿಗೆ ತಾನೆ ಕಾಣ್ತೈತೆ? ನನ್ನ ಸಲುವಾಗಿ ಮಾಡಿದ್ದು ನೀನು. ನೀನು ಬಾಯಿ ಬಿಟ್ಟೀಯೇನೋ ಅಂತ ನಂಗೆ ಜೀವ ಹೋಗಿತ್ತು. ನಾನು ಎದ್ದು ಹೋಗಿದ್ದು ಗೊತ್ತಾಗಿದ್ರೆ ಇಷ್ಟು ದಿನದ ಕೂಲಿ ಪೂರಾ ಹೋಗ್ತಿತ್ತು.’ ಹಾಗಾದರೆ ಆ ನೋಟ ಇದಕ್ಕೆ. ಸುಮ್ಮನಿರು ಎಂದು ಬೇಡಿದ ನೋಟ. ಓಬಮ್ಮನಿಗೆ ಒಂದು ಕ್ಷಣ ತಾನು ಬದುಕಿಕೊಂಡೆ ಅನ್ನಿಸಿತು. ತಾನು ಸುಮ್ಮನಿದ್ದದ್ದು ಸರಿಯಾಗಿಯೇ ಇತ್ತಲ್ಲ. ಮರುಕ್ಷಣ ಗಿರಿಯಮ್ಮನ ಬೆರಳುಗಳು ತನ್ನ ಮೊಣಕೈ ಮೇಲೆ ಇನ್ನೂ ಇದ್ದದ್ದು ಕಂಡು, ಅವನ್ನು ಹೇಗೆ ಬಿಡಿಸಿಕೊಳ್ಳುವುದು ಎಂದು ತಿಳಿಯದೆ, ಕಾಫಿ ಕಾಸ್ತೀನಿ ಎಂದು ಒಳಗೆ ಹೋದಳು. ಒಳಗೆ ಬೆಲ್ಲದ ಡಬ್ಬಿಯ ಮುಂದೆ ಬಹಳ ಹೊತ್ತು ನಿಂತಳು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಬೈದಿದ್ದರೆ ತಾನೂ ಒಂದು ಮಾತು ತಿರುಗಿಸಿ ಆಡಬಹುದಿತ್ತು, ಜಗಳವಾಗಿ, ಆರು ತಿಂಗಳು ಮಾತು ಬಿಟ್ಟು, ಯಾವುದಾದರೂ ಹಬ್ಬಕ್ಕೆ ಸರಿಹೋಗುತ್ತಿತ್ತು.

ಸೀಜನ್ ಮುಗಿದ ಮೇಲೆ ಓಬಮ್ಮನಿಗೆ ಖಾಯಂ ಆಯಿತು. ಗೋಡೆಯ ಮೇಲೆ ದೊಡ್ಡದಾಗಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿದ್ದ ಹೊಸ ಶೆಡ್ಡಿನಲ್ಲಿ ಅವಳಿಗೊಂದು ಸ್ಟೂಲು ಕೊಟ್ಟರು. ಕೂತು ಕೆಲಸ ಮಾಡಿಸುವುದು ಅವಳಿಗೆ ಬಾರದು. ಅರ್ಧ ಎದ್ದು ಅರ್ಧ ಕೂತು ದಿನ ಕಳೆಯುತ್ತಿದ್ದಳು. ಆಫೀಸರು ಬಂದಾಗಲೊಮ್ಮೆ, ಇವರೇ ನಮ್ಮ ನಂಬರ್ ಒನ್ ಕೈ, ಎಂದು ಮರುಳಸಿದ್ದಪ್ಪನವರು ತೋರಿಸುವರು. ಅವಳು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಳ್ಳುವಳು. ಅವರು ಅದನ್ನು ನಾಚಿಕೆ ಎಂದುಕೊಂಡು ನಗುವರು. ಹಟ್ಟಿಯಲ್ಲಿ ಅವಳು ನೀರು ಸೇದುವ ಬಾವಿ ಬದಲಾಯಿತು. ಹಳೆಯ ಬಾವಿಯ ದಾರಿಯಲ್ಲಿ ಗಿರಿಯಮ್ಮನ ಮನೆ ಇತ್ತು. ಒಮ್ಮೆ ಸಂತೆಯಲ್ಲಿ ಗಿರಿಯಮ್ಮ ಎದುರಾಗಿ, ಕಂಕುಳಲ್ಲಿದ್ದ ಕೂಸಿಗೆ, ದೊಡ್ಡಮ್ಮ ನೋಡು, ಮೇಸ್ತ್ರಿ ದೊಡ್ಡಮ್ಮ, ಎಂದು ತೋರಿಸಿದಳು. ಆ ಮಾತಿನಲ್ಲಿ ಚುಚ್ಚು ಇತ್ತೇ ಎಂದು ಓಬಮ್ಮ ಮನೆಗೆ ಬರುವವರೆಗೂ ಹುಡುಕಿದಳು. ಇರಲಿಲ್ಲ. ಇಲ್ಲದ್ದೇ ಅವಳಿಗೆ ಸಿಟ್ಟು ತರಿಸಿತು. ಗಿರಿಯಮ್ಮ ಈಗ ಕಬ್ಬಿನ ಗದ್ದೆಗಳಲ್ಲಿ ರವದಿ ಸುಲಿಯಲು ಹೋಗುತ್ತಿದ್ದಳು. ಕಬ್ಬಿನ ಒಣಗರಿ ಕೊಯ್ದು ಅವಳ ಮುಂಗೈ ಮೇಲೆಲ್ಲ ಗೀರುಗಳಾಗಿದ್ದವು. ಆ ಗೀರುಗಳನ್ನು ತನಗೆ ಕಾಣಲಿ ಎಂದೇ ಕೂಸನ್ನು ಹಾಗೆ ಎತ್ತಿ ಹಿಡಿದಳೆಂದು ಒಂದು ಸಂಜೆ ಓಬಮ್ಮ ತನಗೆ ತಾನೇ ವಾದಿಸಿದಳು. ಆ ವಾದದಲ್ಲಿ ಗೆದ್ದು, ಗೆದ್ದದ್ದಕ್ಕೆ ಹೇಸಿಕೆಪಟ್ಟು, ಊಟ ಬಿಟ್ಟು ಮಲಗಿದ್ದಳು.

ಸೈಕಲ್ ನಿಂತಿತು. ಹೊಂಗೆ ಮರದ ಕೆಳಗೆ ಹೆಂಗಸರು ಆಗಲೇ ಸೇರಿದ್ದರು. ಸಣ್ಣಪ್ಪ ಸಂಜೆ ಬರುವುದಾಗಿ ಹೇಳಿ ಹಿಂದಿರುಗಿದ. ಮರುಳಸಿದ್ದಪ್ಪನವರು ಮಡಚುವ ಕುರ್ಚಿಯಲ್ಲಿ ಕೂತು, ಬರ್ರಿ ಓಬಮ್ಮ, ನೀವೇ ಆರಿಸ್ರಿ, ಎಂದರು. ಹೋದ ವರ್ಷ ಅವಳನ್ನು ಏನಮ್ಮ ಎಂದು ಮಾತಾಡಿಸುತ್ತಿದ್ದವರು ಈಗ ರಿ ಹಚ್ಚುತ್ತಿದ್ದರು. ಒಬ್ಬೊಬ್ಬರನ್ನೇ ಮುಂದೆ ಕರೆದು ಉಗುರು ನೋಡಿ, ಕಣ್ಣು ಸರಿಯಿದೆಯೇ ಕೇಳಿ, ಇವಳು ಆಯಿತು, ಇವಳು ಆಯಿತು, ಎಂದು ಓಬಮ್ಮ ಒಂದು ಬದಿಗೆ ಕಳಿಸತೊಡಗಿದಳು. ಗಿರಿಯಮ್ಮ ಸಾಲಿನ ಕೊನೆಯ ಕಡೆ ಇದ್ದಳು. ಒಗೆದ ಸೀರೆ ಉಟ್ಟು, ಬುತ್ತಿಯ ಗಂಟನ್ನು ಮರದ ಬುಡದಲ್ಲಿ ಎಲ್ಲರ ಗಂಟುಗಳ ಜೊತೆಗೇ ಇಟ್ಟು ಬಂದಿದ್ದಳು. ಓಬಮ್ಮನ ಕಣ್ಣು ಆ ಗಂಟಿನ ಮೇಲೆ ಹೋಯಿತು. ಇನ್ನೂ ಆರಿಸಿಯೇ ಇಲ್ಲ, ಬುತ್ತಿ ತಂದಿದ್ದಾಳೆ. ಕೆಲಸ ಬಂದೇ ಬರುತ್ತದೆ ಎಂದು ಹೊರಟಿದ್ದಾಳೆ. ಯಾಕೆ ಬಂದೇ ಬರಬೇಕು? ‘ಗಿರಿಯಮ್ಮನ್ನೂ ತಗಳಾಣ ಸಾರ್’ ಬಾಯಲ್ಲಿ ಸಿದ್ಧವಾಗಿತ್ತು. ಚಂದ್ರಕ್ಕ ಆರಿಸಿದವರ ಕಡೆಯಿಂದ ಕೈ ಬೀಸಿ, ಬಾರೇ ಗಿರಿಯಮ್ಮ, ನಿನ್ನ ಹಳೇ ಸಾಲು ಹಂಗೇ ಐತೆ, ಎಂದು ಕರೆದಳು. ಗಿರಿಯಮ್ಮ ಏನೋ ಅಂದಳು. ಅವರ ಸುತ್ತಲಿನ ನಾಲ್ಕೈದು ಜನ ನಕ್ಕರು. ಏನು ಅಂದಳೆಂದು ಓಬಮ್ಮನಿಗೆ ಕೇಳಿಸಲಿಲ್ಲ. ನಗುವಿನಲ್ಲಿ ಏನೂ ಇರಲಿಕ್ಕಿಲ್ಲ, ಹೆಂಗಸರು ಬೆಳಗಿನ ಹೊತ್ತು ಸುಮ್ಮನೆ ನಗುತ್ತಾರೆ. ಆದರೂ ಅವಳಿಗೆ ಕಂಡಿತು: ನಾಳೆ, ನಾಡಿದ್ದು, ಹೂವು ಇರುವಷ್ಟು ದಿನವೂ ಗಿರಿಯಮ್ಮ ಈ ಹೊಲದಲ್ಲಿರುತ್ತಾಳೆ, ಅವಳ ಟೋಪಿಗಳನ್ನು ಎತ್ತಿದಾಗಲೆಲ್ಲ ಒಳಗೆ ಒಂದು ಕಾಳೂ ಇರುವುದಿಲ್ಲ, ಚಂದ್ರಕ್ಕ ಅದನ್ನು ನೋಡುತ್ತಾಳೆ, ಮರುಳಸಿದ್ದಪ್ಪನವರೂ ನೋಡುತ್ತಾರೆ, ಹಾಗಾದರೆ ಅವತ್ತು ಏನಾಗಿತ್ತು ಎಂದು ಯಾರಾದರೊಬ್ಬರು ಒಂದು ದಿನ ಕೇಳುತ್ತಾರೆ. ಯಾರೂ ಕೇಳದಿದ್ದರೂ ಗಿರಿಯಮ್ಮ ಮಧ್ಯಾಹ್ನ ಬುತ್ತಿ ಬಿಚ್ಚಿ, ಬಾರಕ್ಕ, ಎಂದು ಕರೆಯುತ್ತಾಳೆ. ದಿನವೂ ಕರೆಯುತ್ತಾಳೆ.

ಗಿರಿಯಮ್ಮ ಮುಂದೆ ಬಂದು ಕೈ ಚಾಚಿದಳು. ಗೀರುಗಳು ಹಳತಾಗಿ ಬೆಳ್ಳಗಾಗಿದ್ದವು. ಉಗುರು ಕತ್ತರಿಸಿ ಹದ ಮಾಡಿಕೊಂಡು ಬಂದಿದ್ದಳು, ಹೆಬ್ಬೆರಳಿನದು ಮಾತ್ರ ಬೇಕಾದಷ್ಟು ಬಿಟ್ಟು. ಮರುಳಸಿದ್ದಪ್ಪನವರಿಗೆ ಅವಳನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

‘ಈಕೆ ಹಳಬಳಲ್ಲವಾ? ಹೋದ ವರ್ಷ ಏನೋ ಆಗಿತ್ತು. ಇರ್ಲಿ ಬಿಡ್ರಿ, ಆಳು ಸಾಲದು. ನೀವೇನಂತೀರಿ?’

ಅವರು ಮರೆತೇಬಿಟ್ಟಿದ್ದರು. ಓಬಮ್ಮನಿಗೆ ಇದನ್ನು ಮೊದಲು ನಂಬಲಾಗಲಿಲ್ಲ. ವರ್ಷವಿಡೀ ತಾನು ಹೊತ್ತು ತಿರುಗಿದ್ದು ಇವರಿಗೆ ‘ಏನೋ ಆಗಿತ್ತು’. ತಡೆಯುವವರು ಯಾರೂ ಇರಲಿಲ್ಲ. ಹೂಂ ಎಂದರೆ ಸಾಕಿತ್ತು. ಅದನ್ನೂ ಅನ್ನದೆ ತಲೆ ಆಡಿಸಿದರೂ ಸಾಕಿತ್ತು. ಬೆಳಗಿನಿಂದ ತಯಾರು ಮಾಡಿಕೊಂಡ ಮಾತನ್ನು ಅವಳು ಹುಡುಕಿದಳು. ಬಾಯಿ ತೆರೆದಾಗ ಬಂದದ್ದು ಬೇರೆ.

‘ಬ್ಯಾಡ ಸಾರ್. ಅವಳ ಕೈ ಸರಿ ಇಲ್ಲ.’

ಧಾಟಿ ತಾನು ಬಯಸಿದ ಹಾಗೆಯೇ ಬಂದಿತ್ತು. ಬೇಡಿದ ಹಾಗೂ ಅಲ್ಲ, ಜೋರೂ ಅಲ್ಲ. ಗಿರಿಯಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಓಬಮ್ಮನ ಮುಖವನ್ನೇ ನೋಡುತ್ತ, ಸಂತೆಯಲ್ಲಿ ಬೆಲೆ ಸರಿಯಾಗಿ ಕೇಳಿಸದವರು ಇನ್ನೊಮ್ಮೆ ಕೇಳುವಷ್ಟು ಮೆಲ್ಲಗೆ ಕೇಳಿದಳು.

‘ಯಾರ ಕೈ ಅಕ್ಕ?’

ಚಂದ್ರಕ್ಕ ಎಲೆ ಜಗಿಯುವುದನ್ನು ನಿಲ್ಲಿಸಿದ್ದಳು. ಮರುಳಸಿದ್ದಪ್ಪನವರು ಕುರ್ಚಿಯಲ್ಲಿ ಸರಿದು ಕೂತರು. ಓಬಮ್ಮನಿಗೆ ಈಗಲೂ ಒಂದು ದಾರಿ ಇತ್ತು. ಅದು ಅಲ್ಲೇ ಇದೆ ಎಂದು ಅವಳಿಗೆ ಕಾಣುತ್ತಿತ್ತು.

‘ನಿಂದೇ’ ಅಂದಳು.

ಗಿರಿಯಮ್ಮ ಕೈ ಇಳಿಸಿದಳು. ಮರದ ಬುಡಕ್ಕೆ ಹೋಗಿ, ಗಂಟುಗಳ ನಡುವಿನಿಂದ ತನ್ನದನ್ನು ಹುಡುಕಿ ತೆಗೆದುಕೊಂಡು, ಯಾರ ಗಂಟೋ ಉರುಳಿದ್ದನ್ನು ನೆಟ್ಟಗೆ ಇಟ್ಟು, ಏರಿ ಹತ್ತಿದಳು. ಬೇಗ ಬೇಗ ನಡೆಯಲಿಲ್ಲ. ನಾಲೆಯ ಮೇಲೆ ಅವಳ ಸೀರೆ ಬಹಳ ದೂರದವರೆಗೆ ಕಾಣುತ್ತಿತ್ತು. ಓಬಮ್ಮ ಮುಂದಿನವಳನ್ನು ಕರೆದಳು. ಮುಂದಿನವಳು ಮದಕರಿಪುರದ ಕಡೆಯಿಂದ ಹೊಸದಾಗಿ ಬಂದ ಸೊಸೆ. ಏನಾಯಿತೆಂದು ತಿಳಿಯದೆ, ತನ್ನ ಕೈಯಲ್ಲೂ ಕುಂದು ಇದೆಯೇನೋ ಎಂದು ಹೆದರಿ, ಬೆರಳುಗಳನ್ನು ಸೀರೆಗೆ ಒರೆಸಿ ಒರೆಸಿ ಚಾಚಿದಳು. ಅವಳ ಕೈ ಹಿಡಿದಾಗ ಓಬಮ್ಮನಿಗೆ ಗೊತ್ತಾಯಿತು, ಎದೆ ಹಗುರವಾಗಿದೆ. ಒಂದು ವರ್ಷದಲ್ಲಿ ಮೊದಲ ಸಲ ಉಸಿರು ಪೂರಾ ಒಳಗೆ ಹೋಗಿ ಪೂರಾ ಹೊರಗೆ ಬರುತ್ತಿತ್ತು. ಅದರಿಂದ ಅವಳಿಗೆ ಎಂಥ ಭಯವಾಯಿತೆಂದರೆ ಆ ಹುಡುಗಿಯ ಕೈಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡೇ ನಿಂತಳು.

ಮಧ್ಯಾಹ್ನ ಹೊಸಬರಿಗೆ ಕೆಲಸ ತೋರಿಸಬೇಕಿತ್ತು. ಎಲ್ಲರೂ ಸುತ್ತ ನಿಂತರು. ಹಳಬರು ಎರಡು ಹೆಜ್ಜೆ ದೂರವೇ ನಿಂತಿದ್ದರು. ಹೊಸಬರು ಅದನ್ನು ಮೇಸ್ತ್ರಿಯ ಮೇಲಿನ ಗೌರವ ಎಂದುಕೊಂಡಿರಬೇಕು. ಚಂದ್ರಕ್ಕ ಎಲ್ಲರಿಗಿಂತ ಹಿಂದೆ, ಗಿಡದ ಕಡೆಗಲ್ಲ, ಏರಿಯ ಕಡೆಗೆ ಮುಖ ಮಾಡಿ ನಿಂತಿದ್ದಳು. ಸರಿಯಾಗಿ ನೋಡ್ಕಳ್ರಿ ಎಂದು ಓಬಮ್ಮ ಒಂದು ಮೊಗ್ಗು ಹಿಡಿದಳು. ಕೈ ನಡುಗಬಹುದೆಂದು ಕಾದಳು. ನಡುಗಲಿ ಎಂದೂ ಬಯಸಿದಳು. ಉಗುರು ಬುಡದಲ್ಲಿ ಇಳಿಯಿತು, ತಿರುವಿದಳು, ಎಸಳೂ ಕಾಳೂ ಒಂದೇ ಸಲಕ್ಕೆ ಕಳಚಿ ಬಂದವು. ಬಿಳಿ ಕಡ್ಡಿ ಕಲೆಯಿಲ್ಲದೆ ನಿಂತಿತ್ತು. ಹೊಸಬರು ಹಾ ಎಂದರು.

ಸಂಜೆ ಹೆಂಗಸರು ಏರಿ ಹತ್ತಿ ಹೋದರು. ಈ ವರ್ಷ ಅವಳಿಗೆ ಸಾಲು ಇರಲಿಲ್ಲ, ಮೇಸ್ತ್ರಿಗೆ ಸಾಲು ಇರುವುದಿಲ್ಲ. ಸಣ್ಣಪ್ಪ ಇನ್ನೂ ಬಂದಿರಲಿಲ್ಲ. ಹೊತ್ತು ಮುಳುಗಿ ಹತ್ತಿಯ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪಾಗುತ್ತಿದ್ದವು. ಯಾವ ಸಾಲೆಂದೂ ನೋಡದೆ ಓಬಮ್ಮ ಒಳಗೆ ಹೊಕ್ಕಳು. ಯಾರೋ ಬಿಟ್ಟುಹೋಗಿದ್ದ ಒಂದು ಮೊಗ್ಗು ಕೈಗೆ ಸಿಕ್ಕಿತು. ಅದರ ಬಣ್ಣ ಕಾಣುತ್ತಿರಲಿಲ್ಲ, ಬೆರಳಿಗೆ ತಿಳಿಯುತ್ತಿತ್ತು. ಉಗುರು ಊರಿ ತಿರುವಿದಳು. ಉಳಿದ ಕಡ್ಡಿಯನ್ನು ಬೆರಳ ತುದಿಯಿಂದ ಬುಡದವರೆಗೆ ಸವರಿ ನೋಡಿದಳು. ನುಣ್ಣಗಿತ್ತು. ಒಂದು ಕಾಳೂ ಇರಲಿಲ್ಲ. ಇನ್ನೊಂದನ್ನು ಹುಡುಕಿ ಸುಲಿದಳು. ಅದೂ ನುಣ್ಣಗಿತ್ತು. ಬೆನ್ನು ನೋಯುತ್ತಿತ್ತು, ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಕತ್ತಲೆ ಅವತ್ತಿಗಿಂತ ದಟ್ಟವಾಗಿತ್ತು. ಒಂದಾದರೂ ಕೆಡಲಿ, ಒಂದಾದರೂ ಅರ್ಧಕ್ಕೆ ಹರಿಯಲಿ ಎಂದು ಅವಳು ಗಿಡದಿಂದ ಗಿಡಕ್ಕೆ ಹೋದಳು. ಏರಿಯ ಮೇಲಿಂದ ಸೈಕಲ್ಲಿನ ಬೆಲ್ಲು ಕೇಳಿಸಿತು. ‘ಬಾರೇ, ಕತ್ಲಾತು, ಹೋಗಾಣ’ ಎಂದು ಸಣ್ಣಪ್ಪ ಕೂಗಿದ.

‘ಬಂದೆ’ ಎಂದು ಓಬಮ್ಮ ಮುಂದಿನ ಗಿಡಕ್ಕೆ ಕೈ ಹಾಕಿದಳು.